ಕಡಿಮೆ ಹಾರಿದ ಸೆಸ್ನಾ ಅಗ್ಗಕ್ಕೆ ಸಿಗುತ್ತಿದೆ, ಕೊಳ್ಳಬಹುದಾ?

ಪ್ರಶ್ನೆ: ನಮ್ಮೂರು ಶಿವಮೊಗ್ಗ. ಈಗ ಇರುವುದು ಅಮೆರಿಕದ ಡಲ್ಲಾಸ್ ಹತ್ತಿರ. ಹೋದ ವರ್ಷ ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಸಿಕ್ಕಿತು. ಬಾಡಿಗೆ ವಿಮಾನದಲ್ಲಿ ವರ್ಷಕ್ಕೆ ಸುಮಾರು ಐವತ್ತು ಗಂಟೆ ಹಾರಿಸುತ್ತೇನೆ. 1979ರ ಸೆಸ್ನಾ 172ಎನ್ ಅನ್ನುವ ನಾಲ್ಕು ಸೀಟಿನ ಚಿಕ್ಕ ವಿಮಾನ ಒಂದು ಮಾರಾಟಕ್ಕಿದೆ. 1999ರಲ್ಲಿ ಇಂಜಿನ್ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ಸವೆದದ್ದನ್ನು ಬದಲಿಸಿ ಜೋಡಿಸುವ ಕೆಲಸ, ಆಗಿದೆ, ಆಮೇಲೆ ಓಡಿರುವುದು ಬರೀ 600 ಗಂಟೆ. ಕೊನೆಯ ಐದು ವರ್ಷದಲ್ಲಿ ಎಲ್ಲಾ ಸೇರಿ 40 ಗಂಟೆಯೂ ಹಾರಿಲ್ಲವಂತೆ. ಹಾಗಾಗಿ ಸವೆತ ಕಡಿಮೆ ಅಂದುಕೊಂಡಿದ್ದೇನೆ. ಬೆಲೆಯೂ ಬೇರೆ ಕಡೆಗಿಂತ ಕಡಿಮೆ. ಜೊತೆಗೆ ಸೇರಲು ಇಬ್ಬರು ಗೆಳೆಯರಿದ್ದಾರೆ. ನನ್ನದು ಗ್ರೀನ್ ಕಾರ್ಡ್, ಒಬ್ಬ ಗೆಳೆಯ ಇಲ್ಲಿನ ಪ್ರಜೆ, ಇನ್ನೊಬ್ಬ ಎಚ್-1ಬಿ ವೀಸಾದಲ್ಲಿದ್ದಾನೆ. ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂಬ ಆಸೆ. ಕೊಳ್ಳಬಹುದಾ? ವರ್ಷಕ್ಕೆ ಖರ್ಚು ಎಷ್ಟು ಬರುತ್ತದೆ?

ಉತ್ತರ: ಆ ವಿಮಾನವನ್ನು ಅವರು ಹೇಳಿದ ಬೆಲೆಗೆ ಕೊಳ್ಳಬೇಡಿ. ಆದರೆ 172 ಕೊಳ್ಳುವ ಆಸೆ ಬಿಡಬೇಡಿ. ನಾನು ಟೆಕ್ಸಸ್‌ನಲ್ಲೇ ಚಿಕ್ಕ ವಿಮಾನಗಳ ಮೆಕ್ಯಾನಿಕ್. ವರ್ಷದ ಇನ್‌ಸ್ಪೆಕ್ಷನ್‌ಗೆ ಸಹಿ ಹಾಕುವ ಅಧಿಕಾರ ಇದೆ, ಪೈಪರ್ ಕಂಪನಿಯ ಚೆರೋಕಿ ವಿಮಾನ ಒಂದರಲ್ಲಿ ಪಾಲೂ ಇದೆ. ಸ್ವಂತ ವಿಮಾನ ಇಟ್ಟುಕೊಂಡವರು ಕೆಲಸದ ನಡುವೆ ತಮ್ಮ ಅನುಭವ ಹೇಳಿಕೊಳ್ಳುತ್ತಾ ಇರುತ್ತಾರೆ. ನಿಮಗೆ ಹೇಳುತ್ತಿರುವುದರಲ್ಲಿ ಅರ್ಧ ಅವರಿಂದ ಕಲಿತದ್ದು.

ವಿಮಾನ 1979ರದ್ದು ಅನ್ನುವ ಕಾರಣಕ್ಕೆ ಹೆದರಬೇಡಿ. 172 ಮೊದಲು ಹಾರಿದ್ದು 1955ರಲ್ಲಿ. ಇವತ್ತಿನವರೆಗೆ 44,000ಕ್ಕೂ ಜಾಸ್ತಿ ತಯಾರಾಗಿವೆ, ಜಗತ್ತಿನಲ್ಲಿ ಬೇರೆ ಯಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. ಅಪಘಾತದ ಪರಿಹಾರದ ಕೇಸುಗಳ ಹೊರೆ ತಾಳಲಾರದೆ 1986ರಲ್ಲಿ ಸೆಸ್ನಾ ಈ ಮಾದರಿಯನ್ನು ನಿಲ್ಲಿಸಿತು. ಚಿಕ್ಕ ವಿಮಾನಕ್ಕೆ 18 ವರ್ಷ ತುಂಬಿದ ಮೇಲೆ ತಯಾರಕರ ಮೇಲೆ ಹೊಣೆ ಹೊರಿಸುವಂತಿಲ್ಲ ಎಂಬ ಕಾನೂನು 1994ರಲ್ಲಿ ಬಂತು. ಅದಾದ ಮೇಲೆಯೇ, 1996ರಲ್ಲಿ, ಮತ್ತೆ ತಯಾರಿಕೆ ಶುರುವಾಯಿತು. ನಡುವಿನ ಹತ್ತು ವರ್ಷ ಖಾಲಿ. ಹಾಗಾಗಿ ಸಾಮಾನ್ಯ ಜನರ ಕೈಗೆಟಕುವ 172ಗಳಲ್ಲಿ ಬಹುಪಾಲು ಅರವತ್ತು, ಎಪ್ಪತ್ತರ ದಶಕದವು. ಚೆನ್ನಾಗಿ ನೋಡಿಕೊಂಡ 1979ರ ವಿಮಾನದಲ್ಲಿ ನನ್ನ ಮನೆಯವರನ್ನು ಕೂರಿಸಲು ನನಗೆ ಯಾವ ಅಳುಕೂ ಇಲ್ಲ.

ನನ್ನನ್ನು ಹೆದರಿಸಿದ್ದು ನಿಮ್ಮ ಪತ್ರದ ಬೇರೆ ಸಾಲು. ಐದು ವರ್ಷದಲ್ಲಿ 40 ಗಂಟೆ. ಅದನ್ನು ನೀವು ಒಳ್ಳೆಯ ಗುಣ ಅಂದುಕೊಂಡಿದ್ದೀರಿ, ಮಾರುವವರೂ ಹಾಗೇ ಹೇಳಿರುತ್ತಾರೆ. ವಿಮಾನದ ಇಂಜಿನ್ ವಿಷಯದಲ್ಲಿ ಅದು ತಿರುಗಾಮುರುಗಾ. ವಾರಕ್ಕೊಮ್ಮೆ ಹಾರುತ್ತಾ 1,800 ಗಂಟೆ ಓಡಿದ ಇಂಜಿನ್ನನ್ನು ನಂಬುವಷ್ಟು, ನಿಂತಲ್ಲೇ ನಿಂತು 600 ಗಂಟೆ ಓಡಿದ ಇಂಜಿನ್ನನ್ನು ನಾನು ನಂಬುವುದಿಲ್ಲ.

ಕಾರಣ ಹೇಳುತ್ತೇನೆ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ, ಆಯಿಲ್ ಜೊತೆ ಸೇರುತ್ತದೆ. ಆಯಿಲ್ 180 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿಗೆ ಬಿಸಿಯಾಗಿ ಅರ್ಧ ಮುಕ್ಕಾಲು ಗಂಟೆ ಹಾಗೇ ಇದ್ದರೆ ಆ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಹಾರದೆ ನಿಂತರೆ ಒಳಗೇ ಉಳಿಯುತ್ತದೆ. ನೀರಿನ ಜೊತೆ ಆಯಿಲ್‌ನಲ್ಲಿ ಸೇರಿಕೊಳ್ಳುವ ಆಮ್ಲವೂ ಸೇರಿ ಲೋಹವನ್ನು ತಿನ್ನಲು ಶುರು ಮಾಡುತ್ತದೆ. ನಿಮ್ಮ 172ಎನ್‌ನಲ್ಲಿರುವುದು ಲೈಕಮಿಂಗ್ ಇಂಜಿನ್. ಇದರಲ್ಲಿ ವಾಲ್ವ್‌ಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟ್ ಇರುವುದು, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಮೇಲ್ಗಡೆ. ಇಂಜಿನ್ ನಿಂತ ಮೇಲೆ ಆಯಿಲ್ ಎಲ್ಲಾ ಕೆಳಗಿಳಿದುಬಿಡುತ್ತದೆ. ಕ್ಯಾಮ್ ಮೇಲೆ ತೆಳುವಾದ ಪದರ ಮಾತ್ರ ಉಳಿಯುತ್ತದೆ. ಕೆಲವು ವಾರದಲ್ಲಿ ಅದೂ ಹೋಗುತ್ತದೆ, ಬರಿಯ ಉಕ್ಕಿಗೆ ತುಕ್ಕು ಹತ್ತುತ್ತದೆ. ಆ ತುಕ್ಕು ನಮ್ಮ ಗೇಟಿಗೆ ಹಿಡಿಯುವ ಹಾಗೆ ಕೆಂಪಗೆ ಎದ್ದು ಕಾಣುವುದಿಲ್ಲ. ಸೂಜಿ ಮೊನೆಯಷ್ಟು ಗುಳಿಗಳು ಬೀಳುತ್ತವೆ, ಅಷ್ಟೇ. ಮತ್ತೆ ಹಾರಲು ಶುರು ಮಾಡಿದಾಗ, ಕ್ಯಾಮ್ ಮೇಲೆ ಕೂತು ವಾಲ್ವ್ ಎತ್ತುವ ಲಿಫ್ಟರಿನ ಮುಖ ಆ ಗುಳಿಗಳ ಮೇಲೆ ಉಜ್ಜಿ ಉಜ್ಜಿ ಪದರ ಪದರವಾಗಿ ಕಿತ್ತು ಬರುತ್ತದೆ. ಕಿತ್ತ ಉಕ್ಕು ಆಯಿಲ್ ಜೊತೆ ಇಡೀ ಇಂಜಿನ್ ಸುತ್ತುತ್ತದೆ.

ಇನ್ನೊಂದು ವಿಷಯ. 172ಎನ್‌ನಲ್ಲಿ ಬಂದದ್ದು ಓ-320-ಎಚ್2ಎಡಿ ಅನ್ನುವ 160 ಅಶ್ವಶಕ್ತಿಯ ಇಂಜಿನ್. ಕ್ಯಾಮ್ ಮತ್ತು ಲಿಫ್ಟರ್ ಸವೆತಕ್ಕೆ ಇದು ಮೊದಲಿನಿಂದಲೂ ಹೆಸರಾದದ್ದು. ಲೈಕಮಿಂಗ್ ಆಮೇಲೆ ಭಾಗಗಳನ್ನು ಸುಧಾರಿಸಿತು. 1980ರಲ್ಲಿ ಇಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎ ಒಂದು ಏರ್‌ವರ್ದಿನೆಸ್ ಡೈರೆಕ್ಟಿವ್, ಅಂದರೆ ಸುರಕ್ಷತೆಯ ಆದೇಶ, ಹೊರಡಿಸಿ, ಇದರ ಆಯಿಲ್‌ಗೆ ಒಂದು ವಿಶೇಷ ಸವೆತ-ನಿರೋಧಕ ಸೇರಿಸಲೇಬೇಕು ಎಂದು ಕಡ್ಡಾಯ ಮಾಡಿತು. ಇಂಥ ಡೈರೆಕ್ಟಿವ್‌ಗಳನ್ನು ನಾವೆಲ್ಲ ಎಡಿ ಅಂತಲೇ ಕರೆಯುತ್ತೇವೆ. ಜೊತೆಗೆ, ಬೇರೆ ಹೆಚ್ಚಿನ ಇಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳೂ ಬೇರೆ ಬೇರೆಯಾಗಿದ್ದರೆ ಇದರಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ, ಒಂದೇ ಶಾಫ್ಟಿನಿಂದ ತಿರುಗುತ್ತವೆ. ಇಷ್ಟು ಹೇಳಿದೆ ಅಂತ ಈ ಇಂಜಿನ್ ಕೆಟ್ಟದ್ದು ಅಂದುಕೊಳ್ಳಬೇಡಿ. ದಿನಾ ಹಾರುವ ಪೈಲಟ್ ತರಬೇತಿ ಸ್ಕೂಲುಗಳಲ್ಲಿ ಇದು ಪೂರ್ತಿ ಆಯಸ್ಸು ದುಡಿದದ್ದನ್ನು ಕಂಡಿದ್ದೇನೆ. ಹಾರುತ್ತಿದ್ದರೆ ಇದು ಒಳ್ಳೆಯ ಇಂಜಿನ್ನೇ. ಸುಮ್ನೆ ನಿಲ್ಲಿಸಿದರೆ ಬೇರೆ ಲೈಕಮಿಂಗ್‌ಗಳಿಗಿಂತ ಬೇಗ ಹಾಳಾಗುತ್ತದೆ. ನಿಮಗೆ ಸಿಕ್ಕಿರುವುದು ನಿಲ್ಲಿಸಿದ್ದು.

ಲೈಕಮಿಂಗ್ ಈ ಇಂಜಿನ್‌ಗೆ ಹೇಳುವ ಓವರ್‌ಹಾಲ್ ಅವಧಿ 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. 1999ರ ಓವರ್‌ಹಾಲ್‌ಗೆ 2011ಕ್ಕೇ ಹನ್ನೆರಡು ತುಂಬಿತು. ಸ್ವಂತಕ್ಕೆ ಹಾರಿಸುವ ವಿಮಾನಕ್ಕೆ ಈ ಅವಧಿ ಕಾನೂನಿನಲ್ಲಿ ಕಡ್ಡಾಯ ಅಲ್ಲ. ನನ್ನ ಹತ್ತಿರ ಬರುವ ನಿವೃತ್ತ ಡಾಕ್ಟರ್ ಒಬ್ಬರ 172 ವಿಮಾನದ ಇಂಜಿನ್ 2,000 ಗಂಟೆ ದಾಟಿ ಎಷ್ಟೋ ಆಯಿತು, ಕಂಪ್ರೆಷನ್ (ಸಿಲಿಂಡರ್ ಒತ್ತಡ ಹಿಡಿದಿಡುವ ಶಕ್ತಿ) ಇನ್ನೂ ಚೆನ್ನಾಗಿದೆ, ಆಯಿಲ್ ಸ್ವಚ್ಛ. ಅವರು ಮಳೆ ಗಾಳಿ ಬಿಟ್ಟರೆ ಪ್ರತಿ ವಾರ ಹಾರುತ್ತಾರೆ, ಇನ್ನೊಂದು ಏರ್‌ಪೋರ್ಟಿಗೆ ಹೋಗಿ ತಿಂಡಿ ತಿಂದು ಬರುತ್ತಾರೆ. ಹಾಗಾಗಿ ಬೆಲೆ ಮಾತಾಡುವಾಗ ಗಂಟೆಯ ಲೆಕ್ಕ ಒಂದನ್ನೇ ಹಿಡಿಯಬೇಡಿ. ನೀವು ಹೇಳಿದ ವಿಮಾನದ ಇಂಜಿನ್‌ಗೆ ಈಗಲೇ ಓವರ್‌ಹಾಲ್ ಬೇಕು ಎಂದು ಇಟ್ಟುಕೊಂಡೇ ಬೆಲೆ ಕಟ್ಟಿ. ಇವತ್ತಿಗೆ ಬಿಚ್ಚುವುದು, ಕೂರಿಸುವುದು ಎಲ್ಲಾ ಸೇರಿ ಅದು 35,000 ಡಾಲರ್ ಸುತ್ತಮುತ್ತ, ಇನ್ನೂ ಜಾಸ್ತಿಯೂ ಆಗಬಹುದು. ಅಷ್ಟನ್ನು ಕಳೆದು ನೋಡಿ. ಅಗ್ಗ ಅನ್ನಿಸಿದ್ದು ಆಗ ಅಗ್ಗವಾಗಿ ಉಳಿಯುತ್ತದಾ ಅಂತ ನಿಮಗೇ ಗೊತ್ತಾಗುತ್ತದೆ.

ಆದರೂ ಆ ವಿಮಾನದ ಮೇಲೆ ಮನಸ್ಸಿದ್ದರೆ, ಕೊಳ್ಳುವ ಮುಂಚಿನ ತಪಾಸಣೆಯನ್ನು, ಇಲ್ಲಿಯವರು ಪ್ರೀಬೈ ಅನ್ನುತ್ತಾರೆ, ಸರಿಯಾಗಿ ಮಾಡಿಸಿ. ಆ ವಿಮಾನವನ್ನು ಇಷ್ಟು ವರ್ಷ ನೋಡಿಕೊಂಡ ಮೆಕ್ಯಾನಿಕ್ ಇದಕ್ಕೆ ಬೇಡ. ಅವರು ಎಷ್ಟೇ ಒಳ್ಳೆಯವರಾಗಿರಲಿ, ತಮ್ಮದೇ ಕೆಲಸಕ್ಕೆ ತಾವೇ ಮಾರ್ಕ್ಸ್ ಹಾಕಿಕೊಂಡ ಹಾಗಾಗುತ್ತದೆ. ಹೊರಗಿನವರನ್ನು, 172 ಬಲ್ಲವರನ್ನು ಹುಡುಕಿ, ದುಡ್ಡು ನೀವೇ ಕೊಡಿ.

ಶುರು ಮಾಡಬೇಕಾದ್ದು ಕಾಗದದಿಂದ. ಹಾರಾಟ, ರಿಪೇರಿ ಬರೆದಿಡುವ ಲಾಗ್‌ಬುಕ್‌ಗಳು ಮೊದಲ ದಿನದಿಂದ ಇವತ್ತಿನವರೆಗೆ ಇವೆಯಾ ನೋಡಿ. ಓಕ್ಲಹೋಮಾ ಸಿಟಿಯಲ್ಲಿರುವ ಎಫ್‌ಎಎ ಕಚೇರಿಯಿಂದ ಆ ವಿಮಾನದ ಇಡೀ ದಾಖಲೆ ತರಿಸಿಕೊಳ್ಳಬಹುದು, ಖರ್ಚು ಹತ್ತು ಡಾಲರ್ ಆಸುಪಾಸು. ಯಾರ್‍ಯಾರ ಕೈ ದಾಟಿ ಬಂತು, ದೊಡ್ಡ ರಿಪೇರಿ, ಮಾರ್ಪಾಡು ಏನೇನಾಗಿದೆ ಅನ್ನುವುದು ಅದರಲ್ಲಿರುತ್ತದೆ. ಲಾಗ್‌ಬುಕ್ಕಿನಲ್ಲಿ ಇಲ್ಲದ ರೆಕ್ಕೆ ರಿಪೇರಿ ಅಲ್ಲಿ ಕಂಡರೆ ಮಾರುವವರನ್ನು ಕೂರಿಸಿ ಕೇಳಿ. ವಿಮಾನದ ಮೇಲೆ ಸಾಲ ಇದೆಯಾ ಅಂತ ಟೈಟಲ್ ಸರ್ಚ್, ಅಂದರೆ ಮಾಲೀಕತ್ವದ ದಾಖಲೆಯ ಹುಡುಕಾಟ, ಮಾಡಿಸಿ, ದುಡ್ಡನ್ನು ಎಸ್ಕ್ರೋ ಮೂಲಕ, ಅಂದರೆ ವ್ಯವಹಾರ ಮುಗಿಯುವವರೆಗೆ ಹಿಡಿದಿಡುವ ಮೂರನೆಯವರ ಮೂಲಕ, ಕೊಡಿ. ಇಷ್ಟಾದ ಮೇಲೆ ಒಂದು ಹಾಳೆ ತಗೊಂಡು ಪ್ರತಿ ವರ್ಷ ಎಷ್ಟು ಗಂಟೆ ಹಾರಿದೆ ಅಂತ ಬರೆಯುತ್ತಾ ಹೋಗಿ. ಎಲ್ಲೆಲ್ಲಿ ಎರಡು, ಮೂರು, ಐದು ಗಂಟೆ ಬರುತ್ತದೋ ಆ ವರ್ಷಗಳು ಇಂಜಿನ್ ತುಕ್ಕು ಹಿಡಿದ ವರ್ಷಗಳು. ಆನ್ಯುಯಲ್, ಅಂದರೆ ವರ್ಷದ ಇನ್‌ಸ್ಪೆಕ್ಷನ್, ತಪ್ಪದೆ ಆಗಿದೆ ಎಂಬ ಸಹಿಯಿಂದ ಸಮಾಧಾನ ಆಗಬೇಡಿ. ಸಹಿ ಹಾಕುವವನಿಗೆ ಕ್ಯಾಮ್ ಕಣ್ಣಿಗೆ ಬೀಳುವುದೇ ಇಲ್ಲ.

ಹೌದು, ಮುಖ್ಯ ವಿಷಯ ಅದೇ. ಕಂಪ್ರೆಷನ್ ಪರೀಕ್ಷೆಯಲ್ಲಿ 80ಕ್ಕೆ 76 ಬಂತು ಅಂತ ಮಾರುವವರು ಹೆಮ್ಮೆಯಿಂದ ತೋರಿಸುತ್ತಾರೆ. ಅದರಿಂದ ಗೊತ್ತಾಗುವುದು ರಿಂಗ್ ಮತ್ತು ವಾಲ್ವ್‌ಗಳ ಸ್ಥಿತಿ ಮಾತ್ರ. ಕ್ಯಾಮ್ ಪೂರ್ತಿ ಹಾಳಾಗಿದ್ದರೂ ಆ ಅಂಕಿ ಚೆನ್ನಾಗಿಯೇ ಬರುತ್ತದೆ. ಲೈಕಮಿಂಗ್‌ನಲ್ಲಿ ಕ್ಯಾಮನ್ನು ಸರಿಯಾಗಿ ನೋಡಬೇಕಾದರೆ ಸಾಮಾನ್ಯವಾಗಿ ಒಂದು ಸಿಲಿಂಡರ್ ಬಿಚ್ಚಬೇಕು. ಐದು ವರ್ಷ ನಿಂತ ವಿಮಾನಕ್ಕೆ ಇದನ್ನು ಕೇಳುವುದು ನ್ಯಾಯವೇ. ಅದಕ್ಕೆ ಮೊದಲು ಸುಲಭದ ಕೆಲಸ ಒಂದಿದೆ, ಆಯಿಲ್ ಫಿಲ್ಟರ್ ಕತ್ತರಿಸುವುದು. ಮಾಡುವಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಡಬ್ಬಿ ತೆರೆಯುವ ಕಟರಿನ ಹಾಗಿರುವ ಒಂದು ಉಪಕರಣದಿಂದ ಫಿಲ್ಟರಿನ ತಲೆಯನ್ನು ಸುತ್ತ ಕೊಯ್ಯುತ್ತೇವೆ. ಒಳಗೆ ನೆರಿಗೆ ನೆರಿಗೆಯ ಕಾಗದ ಇರುತ್ತದೆ. ಅದನ್ನು ಎರಡೂ ಕಡೆ ಕತ್ತರಿಸಿ ತೆಗೆದು, ವೈಸಿನಲ್ಲಿ ಹಿಂಡಿ ಆಯಿಲ್ ಬಸಿದು, ಬಿಸಿಲಿನಲ್ಲಿ ಬಿಡಿಸುತ್ತೇವೆ. ಚೆನ್ನಾಗಿರುವ ಇಂಜಿನ್ನಿನ ಕಾಗದದಲ್ಲಿ ಕಪ್ಪು ಇಂಗಾಲದ ಚೂರುಗಳಿರುತ್ತವೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತವೆ. ಹೊಳೆಯುವ ಚೂರು ಕಂಡರೆ ಹತ್ತಿರಕ್ಕೆ ಮ್ಯಾಗ್ನೆಟ್ ಹಿಡಿಯುತ್ತೇವೆ. ಅಂಟಿದರೆ ಉಕ್ಕು, ಕ್ಯಾಮ್ ಅಥವಾ ಲಿಫ್ಟರ್ ಮೇಲೆ ಮೊದಲ ಅನುಮಾನ. ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು, ಆಗ ಪಿಸ್ಟನ್ ಕಡೆ ನೋಡುತ್ತೇವೆ. ಆದರೆ ಫಿಲ್ಟರ್ ಸ್ವಚ್ಛವಾಗಿದೆ ಅಂತ ಇಂಥ ವಿಮಾನದಲ್ಲಿ ನಿಶ್ಚಿಂತೆಯಾಗಿ ಇರಬೇಡಿ. ಹಾರಿಲ್ಲದ ಮೇಲೆ ಉಕ್ಕು ಕಿತ್ತು ಬರುವುದಕ್ಕೆ ಅವಕಾಶವೇ ಆಗಿರುವುದಿಲ್ಲ. ತೊಂದರೆ ಕಾಣಿಸಿಕೊಳ್ಳುವುದು ನೀವು ಕೊಂಡು ಹಾರಲು ಶುರು ಮಾಡಿದ ಮೇಲೆ, ಐವತ್ತೋ ನೂರೋ ಗಂಟೆ ಕಳೆದಾಗ. ಅದಕ್ಕೇ ಸಿಲಿಂಡರ್ ಬಿಚ್ಚಿಸಿ ಅಂತ ಹೇಳುತ್ತಿರುವುದು.

ಇಂಜಿನ್ ಬಿಟ್ಟು ಬೇರೆ ಏನು ನೋಡಬೇಕು? ಸೀಟ್ ಹಳಿ. ಸೆಸ್ನಾದ ಮುಂದಿನ ಸೀಟು ಒಂದು ಹಳಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ, ಹಳಿಯಲ್ಲಿರುವ ತೂತಿಗೆ ಒಂದು ಪಿನ್ ಕೂತು ಹಿಡಿದುಕೊಳ್ಳುತ್ತದೆ. ವರ್ಷಗಟ್ಟಲೆ ಬಳಸಿದ ಮೇಲೆ ಆ ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಟೇಕಾಫ್‌ನಲ್ಲಿ ಮೂಗು ಮೇಲಕ್ಕೆತ್ತಿದಾಗ ಪಿನ್ ಕಳಚಿದರೆ ಪೈಲಟ್ ಸೀಟಿನ ಸಮೇತ ಹಿಂದಕ್ಕೆ ಜಾರುತ್ತಾನೆ. ಕೈಯಲ್ಲಿ ಹಿಡಿದ ಯೋಕ್, ಅಂದರೆ ವಿಮಾನ ನಡೆಸುವ ಹಿಡಿಕೆ, ಕೂಡ ಹಿಂದಕ್ಕೆ ಬರುತ್ತದೆ, ವಿಮಾನ ನೆಟ್ಟಗೆ ಮೇಲಕ್ಕೆ ಮುಖ ಮಾಡಿ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆಗೆ ಎತ್ತುವ ಬಲ ತಪ್ಪಿ ಬೀಳುತ್ತದೆ. ಹೀಗೆ ಜನ ಸತ್ತಿದ್ದಾರೆ. ಇದಕ್ಕೆ 1987ರಲ್ಲಿ ಒಂದು ಎಡಿ ಬಂತು, 2011ರಲ್ಲಿ ಅದರ ಜಾಗದಲ್ಲಿ ಹೊಸದು ಬಂತು. ಪದೇ ಪದೇ ಅಳೆಯಬೇಕಾದ ಕೆಲಸ ಇದು. ನೀವೇ ಒಂದು ಟಾರ್ಚ್ ಹಿಡಿದು ಹಳಿಯ ತೂತುಗಳನ್ನು ನೋಡಿ, ಪಿನ್ ಕೂತ ಮೇಲೆ ಸೀಟನ್ನು ಜೋರಾಗಿ ಹಿಂದೆ ಮುಂದೆ ಅಲುಗಿಸಿ. ಕೊಂಡ ಮೇಲೂ ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಇದನ್ನು ಮಾಡಿ.

ರೆಕ್ಕೆಯ ಕೆಳಗಿನ ಮುಚ್ಚಳಗಳನ್ನೆಲ್ಲ ತೆಗೆಸಿ ಒಳಗೆ ಬಿಳಿ ಪುಡಿ ಕಾಣುತ್ತದಾ ನೋಡಿಸಿ, ಅದು ಅಲ್ಯೂಮಿನಿಯಂ ತುಕ್ಕು. ಗಲ್ಫ್ ಕರಾವಳಿಯಲ್ಲಿ ಇದ್ದ ವಿಮಾನವಾದರೆ ಇನ್ನೂ ಹುಷಾರು. ಇಲಿ ಗೂಡು ಕಟ್ಟಿದ್ದರೆ ಅದರ ಮೂತ್ರ ಕೂಡ ಲೋಹವನ್ನು ತಿನ್ನುತ್ತದೆ. ನಮ್ಮ ಕಡೆ ಕಣಜ, ವೇಗ ಅಳೆಯುವ ಪಿಟೋಟ್ ಕೊಳವೆಯಲ್ಲಿ, ಇಂಧನ ಟ್ಯಾಂಕಿನ ಗಾಳಿ ಕೊಳವೆಯಲ್ಲಿ ಮಣ್ಣು ಮೆತ್ತುವುದು ತೀರಾ ಸಾಮಾನ್ಯ. ನಿಂತ ವಿಮಾನದಲ್ಲಿ ರಬ್ಬರ್ ಪೈಪುಗಳು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತವೆ, ಟ್ಯಾಂಕಿನ ಮುಚ್ಚಳದ ಸೀಲ್ ಹೋಗಿ ಮಳೆ ನೀರು ಇಳಿದಿರುತ್ತದೆ. ಇವೆಲ್ಲ ಸರಿ ಮಾಡಬಹುದಾದವು. ಖರ್ಚು ಬರೆದಿಟ್ಟುಕೊಂಡು ಬೆಲೆಯಲ್ಲಿ ಕಳೆಯಿರಿ.

ಈಗ ವರ್ಷದ ಖರ್ಚು. ಇದು ನಮ್ಮ ಸುತ್ತಮುತ್ತಲಿನ ಬಿಲ್ಲುಗಳನ್ನು ನೋಡಿ ಹೇಳುವ ಅಂದಾಜು. ಡಲ್ಲಾಸ್ ಸುತ್ತ ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್ಡು) ಬಾಡಿಗೆ ತಿಂಗಳಿಗೆ 450 ಡಾಲರ್ ಹಿಡಿಯೋಣ, ವರ್ಷಕ್ಕೆ 5,400. ಹೊಸ ಪೈಲಟ್‌ಗೆ ಇನ್ಶೂರೆನ್ಸ್ 2,000. ಆನ್ಯುಯಲ್ ಮತ್ತು ಅದರಲ್ಲಿ ಸಿಗುವ ರಿಪೇರಿ 3,000. ರೇಡಾರಿಗೆ ವಿಮಾನದ ಗುರುತು ಕೊಡುವ ಟ್ರಾನ್ಸ್‌ಪಾಂಡರಿನ, ಎರಡು ವರ್ಷಕ್ಕೊಮ್ಮೆ ಬರುವ ಪರೀಕ್ಷೆ, ಮ್ಯಾಪ್ ಚಂದಾ, ಸಣ್ಣಪುಟ್ಟದು 600. ಒಟ್ಟು 11,000. ಹಾರಿದರೂ ಇದು ಬರುತ್ತದೆ, ಹಾರದಿದ್ದರೂ ಬರುತ್ತದೆ. ಇದರ ಮೇಲೆ ಗಂಟೆಯ ಖರ್ಚು: ಎಂಟೂವರೆ ಗ್ಯಾಲನ್ ಪೆಟ್ರೋಲ್, ಗ್ಯಾಲನ್‌ಗೆ 6 ಡಾಲರ್ ಅಂದರೆ 51. ಮುಂದಿನ ಓವರ್‌ಹಾಲ್‌ಗೆ ಎತ್ತಿಡುವ ದುಡ್ಡು 20. ಆಯಿಲ್, ಟೈರ್, ಆಗಾಗ ಕೈಕೊಡುವ ಸಾಮಾನು 14. ಒಟ್ಟು ಗಂಟೆಗೆ 85.

ನೀವೊಬ್ಬರೇ ಕೊಂಡು ಈಗಿನ ಹಾಗೇ ವರ್ಷಕ್ಕೆ 50 ಗಂಟೆ ಹಾರಿದರೆ ಗಂಟೆಗೆ 305 ಡಾಲರ್ ಬೀಳುತ್ತದೆ. 100 ಗಂಟೆ ಹಾರಿದರೆ 195. ವಿಮಾನ ಕೊಳ್ಳಲು ಹಾಕಿದ ಬಂಡವಾಳವನ್ನು ಇದರಲ್ಲಿ ಸೇರಿಸಿಲ್ಲ. ಬಾಡಿಗೆಗೆ ಇಂಥದ್ದೇ 172 ಇದಕ್ಕಿಂತ ಕಡಿಮೆಗೆ ಅಥವಾ ಇದೇ ದರಕ್ಕೆ ಸಿಗುತ್ತದೆ. ದುಡ್ಡು ಉಳಿಸಲು ವಿಮಾನ ಕೊಳ್ಳುತ್ತೇನೆ ಅಂತ ಯಾರಾದರೂ ಹೇಳಿದರೆ ನಾನು ಈ ಲೆಕ್ಕ ಬರೆದು ಕೊಡುತ್ತೇನೆ. ಸ್ವಂತ ವಿಮಾನದಿಂದ ಸಿಗುವುದು ಬೇರೆ. ಶನಿವಾರ ಹೋಗಿ ಭಾನುವಾರ ಸಂಜೆ ಬರಬಹುದು, ದಿನಕ್ಕೆ ಕನಿಷ್ಠ ಇಷ್ಟು ಗಂಟೆ ಬಿಲ್ ಅಂತ ಯಾರೂ ಕೇಳುವುದಿಲ್ಲ. ಹಿಂದೆ ಹಾರಿಸಿದವರು ಹೇಗೆ ಇಳಿಸಿದರೋ ಅನ್ನುವ ಅನುಮಾನ ಇರುವುದಿಲ್ಲ. ಒಂದೇ ವಿಮಾನವನ್ನು ಹಾರಿಸುತ್ತಾ ಹೋದರೆ ಅದರ ಸದ್ದು, ನಡುಕ, ಆಯಿಲ್ ಕುಡಿಯುವ ಪ್ರಮಾಣ ಎಲ್ಲಾ ಕೈಗೆ ಅಭ್ಯಾಸವಾಗುತ್ತದೆ. ಏನೋ ಸರಿ ಇಲ್ಲ ಅನ್ನುವುದು ಮೀಟರಿಗಿಂತ ಮೊದಲು ನಿಮಗೇ ಗೊತ್ತಾಗುತ್ತದೆ. ನನಗೆ ಇದು ದುಡ್ಡಿಗಿಂತ ದೊಡ್ಡ ಲಾಭ.

ಇನ್ನು ಮೂವರು ಸೇರಿದರೆ? ತಲಾ 50 ಗಂಟೆಯಂತೆ ವಿಮಾನ ವರ್ಷಕ್ಕೆ 150 ಗಂಟೆ ಹಾರುತ್ತದೆ. ಆ 11,000 ಮೂರು ಪಾಲಾಗುತ್ತದೆ. ಒಬ್ಬೊಬ್ಬರಿಗೆ ಗಂಟೆಗೆ 158 ಡಾಲರ್ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ ಇಂಜಿನ್ ವಾರಕ್ಕೆ ಎರಡು ಮೂರು ಸಲ ಬಿಸಿಯಾಗುತ್ತದೆ, ತುಕ್ಕಿಗೆ ಸಮಯವೇ ಸಿಗುವುದಿಲ್ಲ. ನಿಮ್ಮಂಥವರಿಗೆ ಪಾಲುದಾರಿಕೆ ಅತ್ಯುತ್ತಮ ದಾರಿ ಅಂತ ನಾನು ಗಟ್ಟಿಯಾಗಿ ಹೇಳುವುದು ಇದೇ ಕಾರಣಕ್ಕೆ. ಗೆಳೆಯರು ಎಷ್ಟೇ ಹತ್ತಿರದವರಾಗಿದ್ದರೂ ಕಾಗದದಲ್ಲಿ ಬರೆದುಕೊಳ್ಳಿ. ಶನಿವಾರ ಭಾನುವಾರ ಯಾರಿಗೆ ಅನ್ನುವುದರ ಮೇಲೆ ಜಗಳ ಬರುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ನಾನು ಕಂಡ ಹಾಗೆ ಆ ಜಗಳ ಬರುವುದೇ ಅಪರೂಪ. ಜಗಳ ಬರುವುದು ದೊಡ್ಡ ಬಿಲ್ ಬಂದಾಗ. ನಾಲ್ವರು ಸೇರಿ ಇಟ್ಟುಕೊಂಡಿದ್ದ ಒಂದು ಚೆರೋಕಿ 140 ನನ್ನ ಹತ್ತಿರ ಬರುತ್ತಿತ್ತು. ಇಂಜಿನ್ ಬಿಚ್ಚಬೇಕಾಗಿ ಬಂದಾಗ ಮೂವರ ಹತ್ತಿರ ದುಡ್ಡಿತ್ತು, ನಾಲ್ಕನೆಯವರ ಮನೆಯಲ್ಲಿ ಅದೇ ವರ್ಷ ಬೇರೆ ಖರ್ಚು. ವಿಮಾನ ಬಾಯಿ ತೆರೆದುಕೊಂಡು ತಿಂಗಳುಗಟ್ಟಲೆ ಹ್ಯಾಂಗರಿನಲ್ಲಿ ಕೂತಿತು, ಗೆಳೆತನವೂ ಮುರಿಯಿತು. ಹಾಗಾಗಿ ಮೊದಲ ಹಾರಾಟದಿಂದಲೇ ಗಂಟೆಗೆ ಇಷ್ಟು ಅಂತ ಒಂದು ಜಂಟಿ ಖಾತೆಗೆ ಹಾಕಿ, ಅದನ್ನು ಮುಟ್ಟಬೇಡಿ. ಒಬ್ಬರು ಊರು ಬಿಟ್ಟರೆ, ಕೆಲಸ ಹೋದರೆ, ತೀರಿಕೊಂಡರೆ ಪಾಲಿಗೆ ಬೆಲೆ ಹೇಗೆ ಕಟ್ಟುವುದು, ಕೊಳ್ಳುವ ಮೊದಲ ಹಕ್ಕು ಯಾರದು, ಎಷ್ಟು ದಿನದೊಳಗೆ ದುಡ್ಡು ಕೊಡಬೇಕು, ಇದನ್ನೆಲ್ಲ ಖುಷಿಯಾಗಿರುವಾಗಲೇ ಬರೆದಿಡಿ.

ನಿಮ್ಮ ಮೂವರಲ್ಲಿ ಒಂದು ತೊಡಕು ಇದೆ. ನಮ್ಮ ಜನ ಇದರಲ್ಲಿ ಆಗಾಗ ಎಡವುತ್ತಾರೆ. ಅಮೆರಿಕದಲ್ಲಿ ವಿಮಾನವನ್ನು ಹೆಸರಿಗೆ ಮಾಡಿಸಿಕೊಳ್ಳಲು ಇಲ್ಲಿನ ಪ್ರಜೆ ಆಗಿರಬೇಕು ಅಥವಾ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿ ಸಾಲದು. ಕಾರು, ಮನೆ ಕೊಂಡ ಹಾಗೆ ವಿಮಾನ ಕೊಳ್ಳಲು ಬರುವುದಿಲ್ಲ. ಕೊಂಡವರಲ್ಲಿ ಒಬ್ಬರಿಗೆ ಅರ್ಹತೆ ಇಲ್ಲದಿದ್ದರೂ ರಿಜಿಸ್ಟ್ರೇಷನ್ ಊರ್ಜಿತ ಅಲ್ಲ. ರಿಜಿಸ್ಟ್ರೇಷನ್ ಊರ್ಜಿತ ಅಲ್ಲದಿದ್ದರೆ ಇನ್ಶೂರೆನ್ಸ್ ಕಂಪನಿ ಕೈ ತೊಳೆದುಕೊಳ್ಳಬಹುದು. ನೀವು ಮತ್ತು ಪ್ರಜೆಯಾಗಿರುವ ಗೆಳೆಯ ಇಬ್ಬರೂ ಸ್ವಂತ ಹೆಸರಿನಲ್ಲಿ ಸಹ-ಮಾಲೀಕರಾಗಿ ಮಾಡಿಸಿಕೊಳ್ಳಬಹುದು. ಎಲ್‌ಎಲ್‌ಸಿ ಅನ್ನುವ ಚಿಕ್ಕ ಕಂಪನಿ ಮಾಡಿ ಅದರ ಹೆಸರಿಗೆ ಇಡೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ನಿಲ್ಲಿ. ಕಂಪನಿಯ ಹೆಸರಿಗೆ ಮಾಡುವಾಗ ಸಾಮಾನ್ಯವಾಗಿ ಮತದ ಹಕ್ಕಿನಲ್ಲಿ ಕನಿಷ್ಠ ಶೇಕಡಾ 75 ಅಮೆರಿಕದ ಪ್ರಜೆಗಳ ಕೈಯಲ್ಲಿರಬೇಕು, ಗ್ರೀನ್ ಕಾರ್ಡ್ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಎಚ್-1ಬಿ ಗೆಳೆಯನಿಗೆ ಟ್ರಸ್ಟ್ ಮೂಲಕ ಒಂದು ದಾರಿ ಇದೆ, ಆದರೆ ವರ್ಷ ವರ್ಷ ಫೀಸು ಕಟ್ಟಬೇಕು, ಚಿಕ್ಕ ವಿಮಾನಕ್ಕೆ ಅದು ಭಾರ. ಸದ್ಯಕ್ಕೆ ನೀವಿಬ್ಬರು ಕೊಂಡು, ಅವನ ಹೆಸರನ್ನು ಇನ್ಶೂರೆನ್ಸ್‌ನಲ್ಲಿ ಪೈಲಟ್ ಆಗಿ ಬರೆಸಿ, ದುಡ್ಡಿನ ವ್ಯವಸ್ಥೆ ಹೇಗಿರಬೇಕು ಅಂತ ವಿಮಾನ ವಿಷಯದ ವಕೀಲರೊಬ್ಬರ ಹತ್ತಿರ ಕಾಗದ ಮಾಡಿಸಿಕೊಳ್ಳಿ. ಅವನಿಗೆ ಗ್ರೀನ್ ಕಾರ್ಡ್ ಬಂದ ದಿನ ಪಾಲು ಕೊಡಬಹುದು. ನೀವು ಮುಂದೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಮೋಡದಲ್ಲೂ ಮೀಟರು ನೋಡಿಕೊಂಡು ಹಾರಿಸುವ ಅರ್ಹತೆ) ಮಾಡುವುದಿದ್ದರೆ, ಗ್ರೀನ್ ಕಾರ್ಡ್ ಇದ್ದರೂ ಇಲ್ಲಿನ ಸಾರಿಗೆ ಭದ್ರತಾ ಇಲಾಖೆಯಾದ ಟಿಎಸ್‌ಎ ಅನುಮತಿ ಬೇಕು ಅನ್ನುವುದೂ ನೆನಪಿರಲಿ.

ಮನೆಯವರನ್ನು ಕೂರಿಸುವ ವಿಷಯಕ್ಕೆ ಬರುತ್ತೇನೆ. 172ರಲ್ಲಿ ನಾಲ್ಕು ಸೀಟಿದೆ ಅಂದರೆ ನಾಲ್ಕು ಜನ, ಫುಲ್ ಟ್ಯಾಂಕ್, ಸೂಟ್‌ಕೇಸ್ ಎಲ್ಲಾ ಅಂತ ಅರ್ಥ ಅಲ್ಲ. 172ಎನ್‌ನ ಗರಿಷ್ಠ ತೂಕ 2,300 ಪೌಂಡ್. ಹಳೆಯ ರೇಡಿಯೋ, ಬಣ್ಣ ಎಲ್ಲಾ ಸೇರಿ ಖಾಲಿ ವಿಮಾನವೇ 1,450ರ ಹತ್ತಿರ ಇರುತ್ತದೆ. ಉಳಿಯುವುದು 850. ಬಳಸಲು ಬರುವ 40 ಗ್ಯಾಲನ್ ಪೆಟ್ರೋಲ್ ತುಂಬಿದರೆ 240 ಪೌಂಡ್ ಹೋಯಿತು. ಉಳಿದ 610ರಲ್ಲಿ ನೀವು ನಾಲ್ಕು ಜನ, ಸಾಮಾನು. ಮಕ್ಕಳು ಚಿಕ್ಕವರಿದ್ದಾಗ ಸಲೀಸು. ಹೈಸ್ಕೂಲಿಗೆ ಬಂದರೆ ಪೆಟ್ರೋಲ್ ಕಡಿಮೆ ಹಾಕಿ ನಡುವೆ ಒಂದು ಕಡೆ ಇಳಿಯಬೇಕಾಗುತ್ತದೆ. ಜೊತೆಗೆ ಇಲ್ಲಿನ ಬೇಸಿಗೆ. ಸಮುದ್ರ ಮಟ್ಟದಿಂದ 700 ಅಡಿ ಎತ್ತರದ ಏರ್‌ಪೋರ್ಟಿನಲ್ಲಿ 40 ಡಿಗ್ರಿ ಸೆಲ್ಸಿಯಸ್ ಸೆಖೆಯಿದ್ದರೆ, ಬಿಸಿ ಗಾಳಿ ತೆಳುವಾಗಿರುವುದರಿಂದ, ಸುಮಾರು 3,900 ಅಡಿ ಎತ್ತರದಲ್ಲಿ ಇದ್ದಂತೆ ವಿಮಾನ ಹಾರುತ್ತದೆ. ಟೇಕಾಫ್‌ಗೆ ರನ್‌ವೇ ಜಾಸ್ತಿ ಬೇಕು, ಏರುವುದು ನಿಧಾನ. ಜುಲೈ, ಆಗಸ್ಟಿನಲ್ಲಿ ಮನೆಯವರ ಜೊತೆ ಹೊರಡುವುದಾದರೆ ಬೆಳಗ್ಗೆ ಎಂಟರೊಳಗೆ ಹೊರಡಿ. ಗಾಳಿಯೂ ಶಾಂತವಾಗಿರುತ್ತದೆ, ಮಕ್ಕಳಿಗೆ ವಾಂತಿ ಬರುವುದಿಲ್ಲ, ಹೆಂಡತಿ ಇನ್ನೊಂದು ಸಲ ಬರುತ್ತಾರೆ.

ಈ ತೂಕ ಕಡಿಮೆ ಅನ್ನಿಸಿದರೆ ಪೈಪರ್‌ನ ಚೆರೋಕಿ 180 ಅಥವಾ ಆರ್ಚರ್ ನೋಡಿ. 180 ಅಶ್ವಶಕ್ತಿ, ಹೊರುವ ಭಾರ ಜಾಸ್ತಿ. ಬಾಗಿಲು ಒಂದೇ, ಪೆಟ್ರೋಲ್ ಟ್ಯಾಂಕನ್ನು ಎಡ ಬಲ ನೀವೇ ಬದಲಿಸುತ್ತಿರಬೇಕು. ಆ ಕುಟುಂಬದ ವಿಮಾನಗಳಲ್ಲಿ ರೆಕ್ಕೆಯ ಸ್ಪಾರ್, ಅಂದರೆ ರೆಕ್ಕೆಯ ಭಾರ ಹೊರುವ ತೊಲೆಯ, ಬಗ್ಗೆ ಕೇಳಲೇಬೇಕು. 2018ರಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ತರಬೇತಿಯ ಪೈಪರ್ ಆ್ಯರೋ ಒಂದರ ರೆಕ್ಕೆ ಹಾರಾಟದಲ್ಲೇ ಕಳಚಿ ಇಬ್ಬರು ಸತ್ತರು, ಕಾರಣ ಲೋಹ ದಣಿದು ಬಿದ್ದ ಬಿರುಕು. ಆಮೇಲೆ ಬಂದ ಎಡಿ ಯಾವ ಯಾವ ವಿಮಾನಕ್ಕೆ ಯಾವಾಗ ತಪಾಸಣೆ ಅಂತ ಲೆಕ್ಕ ಹಾಕಿ ಹೇಳುತ್ತದೆ. ಸ್ಕೂಲಿನಲ್ಲಿ ಸಾವಿರಗಟ್ಟಲೆ ಗಂಟೆ ದುಡಿದದ್ದಾದರೆ ಆ ಲೆಕ್ಕದ ಕಾಗದ ಕೇಳಿ ನೋಡಿ. ಚಕ್ರ ಮಡಚುವ ಮೂನಿ, ಬೊನಾಂಜಾ ಮೊದಲ ವಿಮಾನವಾಗಿ ನಿಮಗೆ ಬೇಡ. ಇನ್ಶೂರೆನ್ಸೂ ಜಾಸ್ತಿ, ಆನ್ಯುಯಲ್ಲೂ ಜಾಸ್ತಿ.

ಹ್ಯಾಂಗರ್ ಬಗ್ಗೆ ಒಂದು ಮಾತು. ಇಲ್ಲಿ ವಸಂತದ ಆಲಿಕಲ್ಲು ಮಳೆ ಹತ್ತು ನಿಮಿಷದಲ್ಲಿ ರೆಕ್ಕೆಯ ತುಂಬ ತಗ್ಗು ಬೀಳಿಸುತ್ತದೆ. ಬಯಲಲ್ಲಿ ಕಟ್ಟಿಹಾಕಿದರೆ ಬಾಡಿಗೆ ಕಡಿಮೆ ನಿಜ. ನಮ್ಮ ಕಡೆ ನಾನು ಅದನ್ನು ಸಲಹೆ ಮಾಡುವುದಿಲ್ಲ. ಹ್ಯಾಂಗರ್ ಸಿಗಲು ಕೆಲವು ಕಡೆ ವರ್ಷಗಟ್ಟಲೆ ಕಾಯಬೇಕು, ಆದ್ದರಿಂದ ವಿಮಾನ ಹುಡುಕುವ ಮೊದಲೇ ಸುತ್ತಲಿನ ಎಲ್ಲಾ ಏರ್‌ಪೋರ್ಟುಗಳ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆಸಿ.

ಕೊಂಡ ಮೇಲೆ ಕೈ ಕೊಳೆ ಮಾಡಿಕೊಳ್ಳಲು ಹಿಂಜರಿಯಬೇಡಿ. ಆಯಿಲ್ ಬದಲಿಸುವುದು, ಸ್ಪಾರ್ಕ್ ಪ್ಲಗ್ ಸ್ವಚ್ಛ ಮಾಡುವುದು, ಟೈರ್, ಬ್ಯಾಟರಿ, ಲೈಟು ಬದಲಿಸುವುದು, ಇಷ್ಟನ್ನು ಮಾಲೀಕನಾದ ಪೈಲಟ್ ತಾನೇ ಮಾಡಿ ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಲು ಕಾನೂನು ಒಪ್ಪುತ್ತದೆ. ಮೊದಲ ಸಲ ಒಬ್ಬ ಮೆಕ್ಯಾನಿಕ್ ಪಕ್ಕದಲ್ಲಿರಲಿ. ಆಯಿಲ್ಲನ್ನು 50 ಗಂಟೆಗೆ ಅಥವಾ ನಾಲ್ಕು ತಿಂಗಳಿಗೆ, ಯಾವುದು ಮೊದಲೋ ಆಗ ಬದಲಿಸಿ. ಎಷ್ಟೋ ಜನ ಗಂಟೆ ನೆನಪಿಟ್ಟುಕೊಂಡು ತಿಂಗಳು ಮರೆಯುತ್ತಾರೆ. ಹಾರಲು ಆಗದ ವಾರ ಸುಮ್ನೆ ನೆಲದ ಮೇಲೆ ಇಂಜಿನ್ ಓಡಿಸಬೇಡಿ. ಆಯಿಲ್ ಸಾಕಷ್ಟು ಬಿಸಿಯಾಗದೆ ಒಳಗೆ ಇನ್ನಷ್ಟು ನೀರು ಸೇರುತ್ತದೆ ಅಷ್ಟೇ. ಹಾರುವುದಾದರೆ ಪೂರ್ತಿ ಹಾರಿ, ಇಲ್ಲವಾದರೆ ಮುಟ್ಟಬೇಡಿ.

ಈಗ ನೀವು ಮಾಡಬೇಕಾದ್ದು ಒಂದೇ ಫೋನು. ಮಾರುವವರಿಗೆ ಕರೆ ಮಾಡಿ, ನಮ್ಮ ಖರ್ಚಿನಲ್ಲಿ ಒಂದು ಸಿಲಿಂಡರ್ ಬಿಚ್ಚಿ ಕ್ಯಾಮ್ ನೋಡಲು ಬಿಡುತ್ತೀರಾ ಅಂತ ಕೇಳಿ. ಒಪ್ಪಿದರೆ, ಕ್ಯಾಮ್ ನುಣ್ಣಗಿದ್ದರೆ, ಓವರ್‌ಹಾಲ್ ಲೆಕ್ಕ ಇಟ್ಟುಕೊಂಡೇ ಬೆಲೆ ಮಾತಾಡಿ. ಒಪ್ಪದಿದ್ದರೆ ಬೇರೆ 172 ನೋಡಿ. ಹೋದ ತಿಂಗಳು, ಅದರ ಹಿಂದಿನ ತಿಂಗಳು, ಅದಕ್ಕೂ ಹಿಂದಿನ ತಿಂಗಳು ಹಾರಿದ್ದು ಲಾಗ್‌ಬುಕ್ಕಿನಲ್ಲಿ ಕಾಣುವಂಥದ್ದನ್ನು ಹುಡುಕಿ. ಅದಕ್ಕೆ ಹತ್ತು ಹದಿನೈದು ಸಾವಿರ ಡಾಲರ್ ಜಾಸ್ತಿ ಕೊಡಬೇಕಾಗಿ ಬಂದರೂ ಕೊಡಿ.